ಸಿದ್ದಗಂಗಮ್ಮನ ಮನೆ ಸೋಪು

ಮದುವೆಯಾದ ಮರುದಿನ ಬೆಳಿಗ್ಗೆ ಹೆಂಡತಿಯ ಮನೆಯ ಬಚ್ಚಲಲ್ಲಿ ಸೋಪನ್ನು ಎಷ್ಟು ಉಜ್ಜಿದರೂ ನೊರೆ ಬರಲಿಲ್ಲ. ಸಾಸಿವೆ ಬಣ್ಣದ, ಅಂಗೈಯಗಲದ ಸೋಪು. ಮೇಲೆ ಎಂಟೆಸಳಿನ ಹೂವಿನ ಅಚ್ಚು. ನೀರು ಹಾಕಿದೆ, ತಿಕ್ಕಿದೆ, ಮತ್ತೆ ನೀರು ಹಾಕಿದೆ. ಹೆಂಚಿನ ಚೂರಿನಿಂದ ಮೈ ಕೆರೆದುಕೊಂಡಂತಾಯಿತೇ ಹೊರತು ಒಂದು ಗುಳ್ಳೆಯೂ ಏಳಲಿಲ್ಲ. ಬರಿ ನೀರು ಹುಯ್ದುಕೊಂಡು ಹೊರಗೆ ಬಂದಾಗ ಬಾಗಿಲ ಬುಡದಲ್ಲಿ, ಸುತ್ತಿದ ಕಾಗದ ಕೂಡ ಬಿಚ್ಚದ ಅಂಗಡಿ ಸೋಪು ಕಾಯುತ್ತಿತ್ತು. ಇಟ್ಟವರು ನನ್ನ ಅತ್ತೆ ಸಿದ್ದಗಂಗಮ್ಮ. ಇಟ್ಟು, ನನಗೆ ಮುಖ ಕೊಡದೆ ಅಡುಗೆಮನೆ ಸೇರಿಕೊಂಡಿದ್ದರು.

ನನಗೆ ಆಶ್ಚರ್ಯವೇನೂ ಆಗಲಿಲ್ಲ. ಎಂಟು ವರ್ಷ ಆ ಊರಿಗೆ ಲಾರಿ ಹೊಡೆದವನು ನಾನು. ಅಲ್ಲಿ ಮನೆಯಲ್ಲಿ ಮಾಡಿ ಡಬ್ಬಿಗೆ ತುಂಬಿದ್ದು ಆ ಮನೆಯವರಿಗಷ್ಟೇ ಒದಗುತ್ತದೆ. ಅನ್ನ, ಸಾರು, ರೊಟ್ಟಿಗೆ ಈ ಕಟ್ಟಳೆ ಇಲ್ಲ. ಆ ಹೊತ್ತಿನ ಹಸಿವಿಗೆ ಮಾಡಿದ್ದನ್ನು ಯಾರು ಉಂಡರೂ ರುಚಿ ಹತ್ತುತ್ತದೆ. ಆದರೆ ಸೋಪು, ಸೀಗೆಪುಡಿ, ಹಲ್ಲುಪುಡಿ, ಉಪ್ಪಿನಕಾಯಿ, ಉಂಡೆ, ಚಕ್ಕುಲಿ, ನಾಳೆಗಿರಲಿ ಎಂದು ಎತ್ತಿಟ್ಟದ್ದು ಯಾವುದೇ ಆಗಲಿ, ಹೊರಗಿನವರ ಪಾಲಿಗೆ ಅದು ಮಣ್ಣು, ಹೊಟ್ಟು, ಮರದ ಪುಡಿ. ಹೀಗಾಗಿ ನೆಂಟರು ಬಂದರೆ ಅಂಗಡಿ ಬಿಸ್ಕತ್ತು ಕೊಡುತ್ತಾರೆ. ಕೊಟ್ಟವರಿಗೂ ತಿಂದವರಿಗೂ ಅದರಲ್ಲಿ ಬೇಸರವಿಲ್ಲ. ಪಕ್ಕದ ಮನೆಯ ಮಾವಿನಕಾಯಿ ಉಪ್ಪಿನಕಾಯಿ ಖಾರ ಹತ್ತಿದ ಒಬ್ಬ ಗಂಡಸಿನ ಕಥೆಯನ್ನು ಮಾತ್ರ ಅಲ್ಲಿನವರು ಈಗಲೂ ಧ್ವನಿ ತಗ್ಗಿಸಿಯೇ ಹೇಳುತ್ತಾರೆ.

ಅಂಗಡಿ ಸಾಮಾನು ಆ ಊರಿಗೆ ಬರುವುದು ವಾರಕ್ಕೊಮ್ಮೆ, ನನ್ನ ಲಾರಿಯಲ್ಲಿ. ಎರಡು ಕಣಿವೆ, ಒಂದು ಮುರುಕು ಸೇತುವೆ ದಾಟಿ ಬರುವಷ್ಟರಲ್ಲಿ ಎಲ್ಲದರ ಬೆಲೆಯೂ ಮೂರು ಪಟ್ಟಾಗುತ್ತದೆ. ಒಂದು ಅಂಗಡಿ ಸೋಪಿನ ದುಡ್ಡಿಗೆ ಮನೆಯಲ್ಲಿ ತಿಂಗಳಿಗಾಗುವಷ್ಟು ಸೋಪು ಮಾಡಿಕೊಳ್ಳಬಹುದು. ಹೊರಗಿನವರು ಒಬ್ಬರಿದ್ದರೆ ಮನೆಗೆ ತೂತು ಬಿದ್ದ ಹಾಗೆ ಎನ್ನುತ್ತಾರೆ. ಅಂಗಡಿಯ ಪಾಪಣ್ಣ ಸೋಪು ಕೊಡುವಾಗ ಹಳೆ ಪೇಪರಿನಲ್ಲಿ ಎರಡು ಸುತ್ತು ಸುತ್ತಿ, ಬೇರೆ ಕಡೆ ನೋಡುತ್ತಾ ಕೊಡುತ್ತಾನೆ. ಕೊಂಡವರು ಸೆರಗಿನೊಳಗೆ, ಅಂಗಿಯೊಳಗೆ ಸೇರಿಸಿಕೊಂಡು ಬೇಗ ಬೇಗ ನಡೆಯುತ್ತಾರೆ. ನಾನು ಲಾರಿಯಲ್ಲಿ ಕೂತು ಇದನ್ನು ನೋಡಿ ನಗುತ್ತಿದ್ದೆ. ಆಗ ನನಗೆ ನಗು ಬರುತ್ತಿತ್ತು.

ಕಾತ್ಯಾಯಿನಿಯನ್ನು ನಾನು ನೋಡಿದ್ದೂ ಆ ಅಂಗಡಿಯ ಮುಂದೆಯೇ. ಸೋಪಿಗೆ ಹಾಕುವ ಕಾಸ್ಟಿಕ್ ಸೋಡಾ ಕೊಳ್ಳಲು ಬಂದಿದ್ದಳು. ಮೂಟೆ ಇಳಿಸುತ್ತಾ, "ಹುಷಾರು, ಕೈ ಸುಟ್ಟೀತು" ಅಂದೆ. "ನಮ್ಮ ಕೈ ಚಿಕ್ಕಂದಿನಿಂದ ಸುಟ್ಕೊಂಡೇ ಬೆಳೆದಿದೆ. ನೀವು ನಿಮ್ಮ ಸ್ಟೇರಿಂಗ್ ನೋಡ್ಕೊಳ್ಳಿ" ಅಂದಳು. ಮುಂದಿನ ವಾರ ನಾನೇ ಕೇಳಿದೆ, ಸುಟ್ಟಿತಾ ಅಂತ. ಅದರ ಮುಂದಿನ ವಾರ ಅವಳೇ ಅಂಗೈ ಚಾಚಿ ತೋರಿಸಿದಳು. ಹೀಗೆ ಒಂದೂವರೆ ವರ್ಷ ನಡೆದ ಮೇಲೆ ಅವಳ ಅವ್ವ ಒಂದು ಷರತ್ತು ಹಾಕಿದರು: ಮಗಳನ್ನು ಕೊಡುತ್ತೇನೆ, ಕಳಿಸುವುದಿಲ್ಲ, ಅಳಿಯ ಇಲ್ಲೇ ಬಂದು ಇರಬೇಕು.

ಷರತ್ತಿನ ಹಿಂದೆ ದಾಕ್ಷಾಯಣಿ ಇದ್ದಳು. ಅವಳು ಅತ್ತೆಯ ದೊಡ್ಡ ಮಗಳು, ಮೂರು ಬೀದಿ ಆಚೆಗೆ ಮದುವೆಯಾಗಿ ಹೋದವಳು. ಹೋಗುವಾಗ ಅತ್ತೆ ಎಂಟೆಸಳಿನ ಸೋಪು ನಾಲ್ಕು ಕಟ್ಟಿ ಕೊಟ್ಟಿದ್ದರಂತೆ. ಮೂರು ತಿಂಗಳು ನೊರೆ ಬಂತು, ಆಮೇಲೆ ನಿಂತಿತು. ಅದು ಎಲ್ಲ ಹೆಣ್ಣುಮಕ್ಕಳಿಗೂ ಆಗುವುದೇ. ಆ ವರ್ಷ ದೀಪಾವಳಿಗೆ ಬಂದಾಗ ಅವಳು ಅತ್ತೆ ಮಾಡಿದ ಕೊಬ್ಬರಿ ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಅಗಿದು, ನೀರು ಕುಡಿದು, "ಚೆನ್ನಾಗಿದೆ ಅವ್ವಾ" ಅಂದಳು. ಎದುರು ಕೂತಿದ್ದ ಅತ್ತೆ, "ಇನ್ನೊಂದು ತಗೋ" ಅಂದರು. ಅವಳು ಇನ್ನೊಂದನ್ನೂ ತಿಂದಳು. ಅವತ್ತೇ ಅತ್ತೆ ತೀರ್ಮಾನ ಮಾಡಿಬಿಟ್ಟರು ಎಂದು ಕಾತ್ಯಾ ಹೇಳುತ್ತಿದ್ದಳು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಕಾತ್ಯಾಗಾದರೂ ಈ ಮನೆಯ ರುಚಿ ತಪ್ಪಬಾರದು, ಅಷ್ಟೇ ಅವರ ಆಸೆ.

ಆದರೆ ಅಳಿಯನಿಗೂ ಕಟ್ಟಳೆ ಉಂಟು. ಹೊರಗಿನಿಂದ ಬಂದವರು ಯಾರೇ ಆಗಲಿ, ಒಂದು ವರ್ಷ ತುಂಬುವ ದಿನ ಬೀದಿಯ ಹಿರಿಯರ ಎದುರಿಗೆ ಮನೆ ಸೋಪಿನಿಂದ ಕೈ ತೊಳೆದು ತೋರಿಸಬೇಕು. ನೊರೆ ಬಂದರೆ ಅವರು ಆ ಮನೆಯವರು. ಬಾರದಿದ್ದರೆ ಗಂಡ ಹೆಂಡತಿ ಬೇರೆ ಒಲೆ ಹೂಡಬೇಕು. ಬೇರೆ ಒಲೆ ಹೂಡಿದ ಮೇಲೆ ಕಾತ್ಯಾಗೆ ಅವ್ವನ ಸೋಪು ಎಷ್ಟು ದಿನ ಉಳಿಯುತ್ತದೆ ಎಂಬುದು ದಾಕ್ಷಾಯಣಿಯನ್ನು ನೋಡಿದ ಎಲ್ಲರಿಗೂ ಗೊತ್ತಿತ್ತು. ನಮ್ಮ ಬೀದಿಯ ಹಿರಿಯಳು ಕೊಟ್ರವ್ವ. ಎದುರು ಮನೆಯ ಜಗಲಿಯ ಮೇಲೆ ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಕೂತಿರುತ್ತಿದ್ದಳು. ನಾನು ಹೋಗುವಾಗ ಬರುವಾಗ, "ಏನೋ ಡ್ರೈವರಾ, ಗುಳ್ಳೆ ಎದ್ದಿತಾ?" ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದಳು.

ಅತ್ತೆಯಂಥ ಉಳಿತಾಯಗಾರ್ತಿಯನ್ನು ನಾನು ಎಲ್ಲೂ ಕಂಡಿಲ್ಲ. ಹಿಂಡಿದ ನಿಂಬೆಸಿಪ್ಪೆ ಜಾಡಿಯಲ್ಲಿ ಕೊಳೆತು ನೆಲ ಒರೆಸುವ ನೀರಾಗುತ್ತಿತ್ತು. ಭತ್ತದ ಹೊಟ್ಟನ್ನು ಸುಟ್ಟು, ಉಪ್ಪು ಲವಂಗ ಸೇರಿಸಿ ಕುಟ್ಟಿದರೆ ಹಲ್ಲುಪುಡಿ. ಹರಿದ ಸೀರೆಯ ಅಂಚು ದೀಪದ ಬತ್ತಿ. ಅಂಟುವಾಳದ ಕಾಯಿ ನೆನೆಸಿದ ನೀರಿನಲ್ಲಿ ಪಾತ್ರೆ, ಅದೇ ನೀರಿನ ಗಸಿಯಲ್ಲಿ ಬಾಗಿಲು. ಮೂರು ಮನೆಗಾಗುವಷ್ಟು ಕೆಲಸವನ್ನು ಒಬ್ಬರೇ ಮಾಡುತ್ತಿದ್ದರು. ಅದರ ನಡುವೆ ನನಗೊಬ್ಬನಿಗೆ ಅಂಗಡಿ ಸೋಪು, ಅಂಗಡಿ ಹಲ್ಲುಪುಡಿ. ಬೆಳಿಗ್ಗೆ ನಾನು ಅದನ್ನು ತೆಗೆದುಕೊಳ್ಳುವಾಗ ಅವರು ನೋಡಬಾರದು ಎಂದು ನಾನು, ತಾವು ನೋಡಿದ್ದು ನನಗೆ ಕಾಣಬಾರದು ಎಂದು ಅವರು, ಇಬ್ಬರೂ ಕಳ್ಳರ ಹಾಗೆ ಓಡಾಡುತ್ತಿದ್ದೆವು.

ಏನಾದರೂ ಕೆಲಸ ಹಂಚಿಕೊಳ್ಳೋಣ ಎಂದು ಒನಕೆಗೆ ಕೈ ಹಾಕಿದರೆ, "ಅಯ್ಯೋ, ಬಿಡಿ ಬಿಡಿ! ನೀವು ಕೂತ್ಕೊಳ್ಳಿ ಅಳಿಯಂದ್ರೇ" ಎಂದು ಚಾಪೆ ಹಾಸುತ್ತಿದ್ದರು. ಕಾತ್ಯಾ ಬಂದರೆ ಅವಳಿಗೂ, "ನೀನ್ಯಾಕೆ ಬಂದೆ? ಹೋಗಿ ಗಂಡನ ಹತ್ರ ಕೂತ್ಕೋ. ವಾರಕ್ಕೆ ಮೂರು ದಿನ ಇರ್ತಾರೆ, ಅದರಲ್ಲೂ ನೀನು ಒಲೆ ಮುಂದೆ ಕೂತರೆ?" ಮದುವೆಯಾಗಿ ಎರಡು ತಿಂಗಳಿಗೆ ಹಳೆಯ ಸೋಪು ಮುಗಿಯುತ್ತಾ ಬಂದಾಗ ಹೊಸದನ್ನೂ ಒಬ್ಬರೇ ಮಾಡಿದರು. ನಾವಿಬ್ಬರೂ ಪಡಸಾಲೆಯ ಚಾಪೆಯ ಮೇಲೆ ಬೊಂಬೆಗಳ ಹಾಗೆ ಕೂತು, ಒಳಗೆ ಕೋಲು ಹಂಡೆಗೆ ತಗಲುವ ಸದ್ದು ಕೇಳಿದೆವು. ಅರವತ್ತು ಸೋಪು ಒಣಗಿ, ತಗಡಿನ ಡಬ್ಬಿ ತುಂಬಿ ಅಟ್ಟ ಸೇರಿದವು. ಒಂದು ಬಚ್ಚಲ ಗೂಡಿಗೆ ಬಂತು. ನಾನು ಮೂರು ದಿನ ಆಸೆಯಿಂದ ಉಜ್ಜಿದೆ. ಅದೇ ಹೆಂಚಿನ ಚೂರು.

ಆಮೇಲೆ ನಾನು ಮೋಸಕ್ಕೆ ಇಳಿದೆ. ಪೇಟೆಯಲ್ಲಿ ವಾಸನೆಯಿಲ್ಲದ ಹಳದಿ ಸೋಪು ಹುಡುಕಿ ಒಂದು ಡಜನ್ ಕೊಂಡೆ. ಸಾಮಾನು ಇಳಿಸುವ ಹೊತ್ತಿನಲ್ಲಿ ಲಾರಿಯೊಳಗೆ ಕೂತು ಬ್ಲೇಡಿನಿಂದ ಅಂಚು ಕೆತ್ತಿ, ಮೊಳೆಯಿಂದ ಎಂಟೆಸಳು ಕೊರೆದೆ. ಮೊದಲನೆಯದಕ್ಕೆ ಒಂಬತ್ತು ಎಸಳಾಯಿತು. ಹೊಂಗೆ ಎಣ್ಣೆ ಸವರಿದರೆ ವಾಸನೆಯೂ ಹೊಂದಿತು. ಅದನ್ನು ಟವೆಲಿನ ಮಡಿಕೆಯಲ್ಲಿ ಬಚ್ಚಲಿಗೆ ಒಯ್ಯುತ್ತಿದ್ದೆ, ಹಾಗೇ ವಾಪಸು ತರುತ್ತಿದ್ದೆ. ಗೂಡಿನಲ್ಲಿದ್ದ ಸೋಪನ್ನು ದಿನಕ್ಕಿಷ್ಟು ಮೊಳೆಯಿಂದ ಕೆರೆದು, ಬಳಸಿದಂತೆ ಕಾಣುವ ಹಾಗೆ ಇಡುತ್ತಿದ್ದೆ. ಅದನ್ನು ಮತ್ತೊಮ್ಮೆ ನೀರಿನಲ್ಲಿ ಉಜ್ಜಿ ನೋಡುವ ಧೈರ್ಯ ನನಗಿರಲಿಲ್ಲ.

ನಾಲ್ಕನೇ ತಿಂಗಳು, ಒಂದು ಬೆಳಿಗ್ಗೆ ಬಚ್ಚಲಿಂದ ಬಂದವನೇ ಅಡುಗೆಮನೆ ಬಾಗಿಲಲ್ಲಿ ನಿಂತು, "ಬಂತು" ಅಂದೆ.

"ಏನು ಬಂತು?" ಕಾತ್ಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನೊರೆ."

ಅತ್ತೆ ಎದ್ದು ಬಂದು, ಮದುವೆಯಾದಾಗಿನಿಂದ ಮೊದಲ ಸಲ ನನ್ನ ಕೈ ಹಿಡಿದು ಮೂಸಿ ನೋಡಿದರು. "ನಿಜ ಹೇಳ್ತಿದ್ದೀರಾ ಅಳಿಯಂದ್ರೇ? ಗೂಡಿನ ಸೋಪೇ?"

"ಗೂಡಿನದೇ ಅತ್ತೆ. ಹಾಲು ಉಕ್ಕಿದ ಹಾಗೆ ಉಕ್ಕಿತು."

ಅವರು ಏನೋ ಹೇಳಲು ಹೋಗಿ, ನುಂಗಿಕೊಂಡು, "ದೇವರು ದೊಡ್ಡವನು" ಅಂದರು. ಕಾತ್ಯಾ ನನ್ನನ್ನು ಬಹಳ ಹೊತ್ತು ನೋಡಿದಳು. ನಕ್ಕಳು. ಆಮೇಲೆ ಹೊಗೆ ಎಂದು ಕಣ್ಣು ಒರೆಸಿಕೊಂಡಳು. ಅವತ್ತು ಒಲೆ ಹೊಗೆಯಾಡುತ್ತಿರಲಿಲ್ಲ. ಅದು ಖುಷಿಯೆಂದೇ ನಾನು ತಿಳಿದೆ.

ಮಧ್ಯಾಹ್ನ ಅತ್ತೆ ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿಗೆ ತುಂಬಿ, ಸಂಜೆ ಮೂವರಿಗೂ ತಟ್ಟೆಯಲ್ಲಿ ಹಾಕಿದರು. ಗರಗಸದ ಬುಡದಲ್ಲಿ ಬಿದ್ದ ಪುಡಿಯನ್ನು ಬಾಯಿಗೆ ಹಾಕಿಕೊಂಡಂತಿತ್ತು. "ಆಹಾ" ಅಂದೆ ನಾನು. "ಹದ ಬಂದಿದೆ ಅಲ್ವಾ?" ಅಂದರು ಅತ್ತೆ. "ಈ ಸಲ ಇನ್ನೂ ಚೆನ್ನಾಗಿದೆ ಅವ್ವಾ" ಅಂದಳು ಕಾತ್ಯಾ. ಮೂವರೂ ನೀರು ಕುಡಿದೆವು.

ಆ ವರ್ಷ ಪಾಪಣ್ಣ ಸೋಪಿನ ಪೆಟ್ಟಿಗೆ ಒಂದಿದ್ದದ್ದನ್ನು ಎರಡು ಮಾಡಿ ಬರೆಸಿದ. "ಯಾಕೆ ಪಾಪಣ್ಣ, ಊರಿಗೆ ನೆಂಟರು ಜಾಸ್ತಿ ಆದ್ರಾ?" ಅಂತ ಕೇಳಿದೆ. ಅವನು ಪೇಪರ್ ಹರಿಯುತ್ತಾ, "ನಿಮ್ಮ ಬೀದಿ ಕಡೆ ಸ್ವಲ್ಪ ಜಾಸ್ತಿ" ಅಂದ. ಯಾರೆಂದು ಕೇಳಿದ್ದಕ್ಕೆ, "ಡಾಕ್ಟ್ರು, ವಕೀಲ್ರು, ನಾನು, ಮೂವರೂ ಬಾಯಿ ಬಿಡಬಾರದು ಡ್ರೈವರ್ ಸಾಹೇಬ್ರೇ" ಅಂದು ಎದೆಯ ಮೇಲೆ ಕೈ ಇಟ್ಟುಕೊಂಡ.

ವರ್ಷ ತುಂಬುವ ದಿನ ಹತ್ತಿರವಾದಂತೆ ನನಗೆ ನಿದ್ದೆ ಕಡಿಮೆಯಾಯಿತು. ಕೈಚಳಕ ತೋರಿಸಿ ಪಾರಾಗಬಹುದು ಎಂಬ ಲೆಕ್ಕಾಚಾರವಿತ್ತು. ಸಿಕ್ಕಿಬಿದ್ದರೆ ಕಾತ್ಯಾಳ ಗತಿಯೇನು ಎಂಬ ಭಯವೂ ಇತ್ತು. ಒಮ್ಮೆ ತಡೆಯಲಾರದೆ ಕೇಳಿದೆ: "ಅಕಸ್ಮಾತ್ ಬೇರೆ ಒಲೆ ಹೂಡಬೇಕಾಗಿ ಬಂದರೆ?" ಅವಳು ಸೀಗೆಪುಡಿ ಜರಡಿ ಹಿಡಿಯುತ್ತಿದ್ದಳು. "ನಿಮಗೆ ನೊರೆ ಬರ್ತಿದೆಯಲ್ಲ, ಮತ್ತೇನು?" ಅಂದಳು. ಜರಡಿ ನಿಲ್ಲಲಿಲ್ಲ. "ನಿಮಗೇನು ಭಯ ಇಲ್ಲ ಬಿಡಿ." ಆ 'ನಿಮಗೇನು' ಎಂಬಲ್ಲಿ ಏನೋ ಇತ್ತು. ನಾನು ಹುಡುಕಲು ಹೋಗಲಿಲ್ಲ.

ವರ್ಷ ತುಂಬುವ ದಿನ ಬೆಳಗಿನ ಉಪಾಹಾರ ಮುಗಿಯುವಷ್ಟರಲ್ಲೇ ಕೊಟ್ರವ್ವ ಬಂದಳು. ಅಂಗಳದ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿಸಿಕೊಂಡು, ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದಳು. ನಾನು ಬಚ್ಚಲ ಗೂಡಿನ ಸೋಪು ತೆಗೆದು, ನಾನು ಕೆತ್ತಿದ್ದನ್ನು ಅಲ್ಲಿ ಇಟ್ಟು ಬಂದಿದ್ದೆ.

"ತರ್ಲಾ?" ಅಂದೆ.

"ಬಚ್ಚಲದ್ದು ಬ್ಯಾಡ. ಅದಕ್ಕೆ ಎಲ್ಲರ ಕೈಯೂ ತಗಲಿರ್ತದೆ. ಅಟ್ಟದ ಡಬ್ಬೀದು ಒಂದು ತನ್ನಿ, ಯಾರೂ ಮುಟ್ಟದೇ ಇರೋದು."

"ನಾನು ತರ್ತೀನಿ," ಅಂದೆ ನಾನು. "ನಾನು ತರ್ತೀನಿ," ಅಂದಳು ಕಾತ್ಯಾ. "ನೀವಿಬ್ಬರೂ ಕೂತ್ಕೊಳ್ಳಿ, ನಾನು," ಅಂದರು ಅತ್ತೆ. ಮೂವರೂ ಒಟ್ಟಿಗೆ ಹೋಗಿ ಏಣಿ ಹಿಡಿದುಕೊಂಡೆವು. ಯಾರೂ ಹತ್ತಲಿಲ್ಲ, ಯಾರೂ ಬಿಡಲೂ ಇಲ್ಲ.

ಕೊಟ್ರವ್ವ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನೋಡಿದಳು. "ಏ ಡ್ರೈವರಾ, ನೀನು ಹತ್ತು. ಡಬ್ಬೀನೇ ಇಳ್ಸು."

ಡಬ್ಬಿ ಅಷ್ಟು ಭಾರವಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಎದೆಗೆ ಆನಿಸಿಕೊಂಡು, ಒಂದೊಂದೇ ಮೆಟ್ಟಿಲಿಗೆ ಉಸಿರು ಬಿಡುತ್ತಾ ಇಳಿಸಿದೆ. ಕೊಟ್ರವ್ವ ಮುಚ್ಚಳ ತೆಗೆದಳು. ಮೇಲೆ ಹಾಸಿದ ಬಾಳೆ ಎಲೆ ಒಣಗಿ ಕಾಗದವಾಗಿತ್ತು. ಅದನ್ನು ಸರಿಸಿದರೆ ಎಂಟೆಸಳಿನ ಹೂವುಗಳು ಸಾಲಾಗಿ, ಅಂಚಿನವರೆಗೆ. ಒಂದೇ ಒಂದು ಸೋಪಿನ ಜಾಗ ಖಾಲಿ.

"ಯಾವಾಗ ಮಾಡಿದ್ದೇ ಸಿದ್ದಗಂಗಿ ಇದನ್ನ?"

"ಮದುವೆ ಆಗಿ ಎರಡು ತಿಂಗಳಿಗೆ," ಅಂದರು ಅತ್ತೆ, ನೆಲ ನೋಡುತ್ತಾ.

"ಹತ್ತು ತಿಂಗಳಾತು. ಮೂರು ಜನ. ಒಂದು ಸೋಪು ಖರ್ಚು." ಕೊಟ್ರವ್ವ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಉಳಿತಾಯ ಅಂದ್ರೆ ಇದಪ್ಪಾ. ಇಷ್ಟು ದಿನ ನೀವು ಯಾರೂ ಮೈ ತೊಳ್ಕೊಂಡಿಲ್ವೇನ್ರೇ?"

ಯಾರೂ ನಗಲಿಲ್ಲ. ಅವಳು ಒಂದು ಸೋಪು ತೆಗೆದು ನನ್ನ ಕೈಗೆ ಹಾಕಿ, ತಂಬಿಗೆಯಿಂದ ನೀರು ಬಿಟ್ಟಳು. ಉಜ್ಜಿದೆ. ನೀರು ಹೇಗೆ ಬಿತ್ತೋ ಹಾಗೇ ತಿಳಿಯಾಗಿ ಬೆರಳ ಸಂದಿಯಿಂದ ಇಳಿದು ಕಲ್ಲಿನ ಮೇಲೆ ಹರಿಯಿತು. ಮತ್ತೆ ಬಿಟ್ಟಳು. ಮತ್ತೆ ಉಜ್ಜಿದೆ. ಸುಳ್ಳು ಹೇಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

"ನನಗೆ ಯಾವತ್ತೂ ಬಂದಿಲ್ಲ," ಅಂದೆ. ಒಳಗೆ ಹೋಗಿ, ಕೆತ್ತಿದ ಸೋಪನ್ನು ತಂದು ಕಲ್ಲಿನ ಮೇಲೆ ಇಟ್ಟೆ. "ಅವತ್ತು ಬಂತು ಅಂದಿದ್ದು ಇದರಲ್ಲಿ. ಕಾತ್ಯಾ, ನಿನ್ನನ್ನ ಅವ್ವನ ಮನೆಯಿಂದ ಬಿಡಿಸಿದ ಹಾಗಾಯ್ತು. ನನ್ನಿಂದ."

ಅವಳು ಬೈಯುತ್ತಾಳೆ ಎಂದು ಕಾದೆ. ಅವಳು ಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ನನ್ನ ಕೈಯಿಂದ ಡಬ್ಬಿಯ ಸೋಪು ಕಸಿದುಕೊಂಡು, ತಂಬಿಗೆಯ ನೀರನ್ನೆಲ್ಲ ಒಮ್ಮೆಗೇ ಸುರಿದುಕೊಂಡು ಉಜ್ಜತೊಡಗಿದಳು. ಬಳೆಗಳು ಕಲ್ಲಿಗೆ ತಗಲಿ ಸದ್ದಾದವು. ನೊರೆ ಇಲ್ಲ.

"ನನಗೂ," ಅಂದಳು. "ಹತ್ತು ತಿಂಗಳಿಂದ ನನಗೂ ಇಲ್ಲ. ಇಲ್ಲೇ ಹುಟ್ಟಿ, ಇಲ್ಲೇ ಇದ್ದು. ನಿಮಗೆ ಬಂತು ಅಂದ್ರಲ್ಲ ಅವತ್ತು, ಮನೆ ನಿಮ್ಮನ್ನ ಒಳಗೆ ಕರ್ಕೊಂಡು ನನ್ನನ್ನ ಆಚೆಗೆ ಹಾಕಿತು ಅಂದ್ಕೊಂಡೆ. ಅಕ್ಕನ ಹಾಗೆ ಎದ್ದು ಹೋಗಿಯಾದ್ರೂ ಹೋಗಿದ್ರೆ ಒಂದು ಅರ್ಥ ಇರ್ತಿತ್ತು." ಅಷ್ಟು ಹೇಳಿ ಒಳಗೆ ಓಡಿ, ಟ್ರಂಕಿನಿಂದ ಹಳೆ ರವಿಕೆಯಲ್ಲಿ ಸುತ್ತಿದ ಅಂಗಡಿ ಸೋಪನ್ನು ತಂದು ನನ್ನದರ ಪಕ್ಕ ಇಟ್ಟಳು. ಪಾಪಣ್ಣನ ಪೇಪರ್ ಇನ್ನೂ ಅರ್ಧ ಅಂಟಿಕೊಂಡಿತ್ತು.

ಆಗ ಅತ್ತೆ ಹೊಸ್ತಿಲ ಮೇಲೆ ಕೂತುಬಿಟ್ಟರು. "ಅದನ್ನ ಬಚ್ಚಿಡೋದು ಯಾಕೆ ಬೇಕಿತ್ತೇ? ಗೂಡಿನಲ್ಲೇ ಇತ್ತಲ್ಲ," ಅಂದರು.

"ಗೂಡಿನಲ್ಲಿ ಏನಿತ್ತು?"

"ಅಂಗಡಿದೇ. ಹೊಸ ಸೋಪು ಇಟ್ಟ ನಾಲ್ಕನೇ ದಿನದಿಂದ ತುರಿದು, ಕರಗಿಸಿ, ನಮ್ಮ ಅಚ್ಚಿಗೆ ಹಾಕಿ ಇಡ್ತಿದ್ದೆ. ವಾಸನೆ ಹೋಗ್ಲಿ ಅಂತ ಹೊಂಗೆ ಎಣ್ಣೆ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನಾನು ಮಾಡಿದ್ದು ನನಗೇ ಒದಗಲಿಲ್ಲ ಕಣೇ. ಮೊದಲನೇ ದಿನವೇ ಗೊತ್ತಾಯ್ತು. ಮನೆ ಇನ್ನು ಮಗಳು ಅಳಿಯಂದು, ನಾನೇ ನೆಂಟಳಾದೆ ಅಂದ್ಕೊಂಡೆ. 'ಅತ್ತೆ ಕೂತ್ಕೊಳ್ಳಿ' ಅಂತ ನೀವೂ ಚಾಪೆ ಹಾಸಿಬಿಟ್ರೆ ಅಂತ ಭಯ ಆಯ್ತು. ಇವರು ಬಂತು ಅಂದಾಗ, ನಾನು ಕರಗಿಸಿಟ್ಟಿದ್ದು ಹೇಗೋ ಇವರಿಗಾದ್ರೂ ಸಮಾಧಾನ ಕೊಡ್ತು ಅಂತ ಸುಮ್ಮನಾದೆ."

ನಾನು ದಿನಾ ಮೊಳೆಯಿಂದ ಕೆರೆದದ್ದು ಅಂಗಡಿ ಸೋಪು. ಒಂದು ಸಲ ನೀರು ಹಾಕಿದ್ದರೆ ಸಾಕಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಲಾಗದೆ, ಕಲ್ಲಿನ ಮೇಲಿದ್ದ ಎರಡು ಸೋಪನ್ನೇ ನೋಡುತ್ತಾ ಕೂತೆವು.

ಕೊಟ್ರವ್ವನಿಗೆ ನಗು ಮೊದಲು ಹೊಟ್ಟೆಯಲ್ಲಿ ಹುಟ್ಟಿತು, ಆಮೇಲೆ ಭುಜಕ್ಕೆ ಬಂತು. ಎಲೆ ಅಡಿಕೆ ನೆತ್ತಿಗೇರಿ ಕೆಮ್ಮಿದಳು. ಕಾತ್ಯಾ ಬೆನ್ನು ತಟ್ಟಬೇಕಾಯಿತು. "ಮೂರು ಜನ ನೆಂಟರು ಸೇರ್ಕೊಂಡು ಒಂದು ವರ್ಷ ಮನೆ ನಡೆಸಿದ್ದೀರಲ್ರೇ! ಮನೆಯವರು ಯಾರು ಹಂಗಾದ್ರೆ? ಬೆಕ್ಕಾ?"

ನಗು ಮುಗಿದ ಮೇಲೆ ಅವಳ ಮುಖ ಗಂಭೀರವಾಯಿತು. "ಕಟ್ಟಳೆ ಕಟ್ಟಳೆಯೇ. ನೊರೆ ಬರ್ಲಿಲ್ಲ ಅಂದ್ರೆ ಬೇರೆ ಒಲೆ. ನಾಳೆ ಬೀದಿಯವರು ಕೇಳಿದ್ರೆ ನಾನು ಸುಳ್ಳು ಹೇಳೋಳಲ್ಲ." ಅತ್ತೆಯ ಕಡೆ ತಿರುಗಿ, "ಕಲಕಿದ್ದು ಯಾರು?" ಅಂದಳು.

"ನಾನೊಬ್ಬಳೇ."

"ಮುಂಚೆ?"

"ಮುಂಚೆ ಇವಳು ಕಲಕ್ತಿದ್ಲು, ನಾನು ಹುಯ್ತಿದ್ದೆ."

ಕೊಟ್ರವ್ವ ಬಾಯಲ್ಲಿದ್ದದ್ದನ್ನು ಬಚ್ಚಲ ಮೋರಿಗೆ ಉಗುಳಿ ಬಂದು, ಮತ್ತೆ ಮಣೆಯ ಮೇಲೆ ಗಟ್ಟಿಯಾಗಿ ಕೂತಳು. "ಹೊತ್ತು ಮುಳುಗೋ ತನಕ ನನ್ನ ಪ್ರಕಾರ ವರ್ಷ ಮುಗಿಯಲ್ಲ. ಸೋಪು ಒಣಗೋಕೆ ವಾರಗಟ್ಟಲೆ ಬೇಕು. ತಿನ್ನೋದು ಏನಾದ್ರೂ ಮಾಡಿ, ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ. ನಾನು ಇಲ್ಲೇ ಕೂತಿರ್ತೀನಿ. ಈ ಡ್ರೈವರು ಚಾಪೆ ಮೇಲೆ ಕೂತಿದ್ದು ಕಂಡ್ರೆ ಮಾತ್ರ ಎದ್ದು ಹೋಗ್ತೀನಿ."

ಮನೆಯಲ್ಲಿ ಇದ್ದದ್ದು ಶೇಂಗಾ ಮತ್ತು ಬೆಲ್ಲ. ಅತ್ತೆ ಬಾಣಲೆ ಇಟ್ಟರು, ಕಾತ್ಯಾ ಶೇಂಗಾ ಹುರಿದಳು, ನಾನು ಅದನ್ನು ಗೋಣಿತಟ್ಟಿನ ಮೇಲೆ ಹರವಿ ಅಂಗೈಯಿಂದ ತಿಕ್ಕಿ ಸಿಪ್ಪೆ ಬಿಡಿಸಿದೆ. ಕೇರಲು ಬಾರದೆ ಊದಿದೆ. ಸಿಪ್ಪೆಯೆಲ್ಲ ಕಾತ್ಯಾಳ ಮುಖಕ್ಕೆ ಹಾರಿ, ಹುಬ್ಬಿನ ಮೇಲೆ ಕೂತಿತು. "ಲಾರಿ ಗಾಳಿ ಹೊಡೀಬೇಡಿ ಇಲ್ಲಿ," ಎಂದು ಮೊರ ಕಸಿದುಕೊಂಡು ಕೇರುವುದು ಹೇಗೆಂದು ತೋರಿಸಿದಳು. ಅಡುಗೆಮನೆ ಮೂವರಿಗೆ ಚಿಕ್ಕದು. ಅತ್ತೆಯ ಮೊಣಕೈ ನನಗೆ, ನನ್ನದು ಕಾತ್ಯಾಗೆ, ಕಾತ್ಯಾಳದು ಹಿಟ್ಟಿನ ಡಬ್ಬಿಗೆ ತಗಲುತ್ತಿದ್ದವು. ಒಂದು ವರ್ಷದಲ್ಲಿ ನಾನು ಆ ಕೋಣೆಯ ಒಳಗೆ ಅಷ್ಟು ಹೊತ್ತು ನಿಂತಿರಲೇ ಇಲ್ಲ.

ಬೆಲ್ಲದ ಪಾಕ ನನ್ನ ಪಾಲಿಗೆ ಬಂತು. "ತಿರುಗಿಸ್ತಾ ಇರಿ. ನೀರಿಗೆ ಒಂದು ಹನಿ ಬಿಟ್ಟರೆ ಗಟ್ಟಿಯಾಗಿ, ಬಟ್ಟಲಿಗೆ ಹೊಡೆದರೆ ಟಕ್ ಅನ್ಬೇಕು, ಆಗ ಇಳಿಸಿ," ಅಂದರು ಅತ್ತೆ. ಮೊದಲ ಹನಿ ನೀರಿನಲ್ಲಿ ಕರಗಿತು. ಎರಡನೆಯದು ಮೆತ್ತಗೆ ಎಳೆಯಿತು. ಆಚೆ ಕೊಟ್ರವ್ವ, "ನೆರಳು ಬಾವಿಕಟ್ಟೆ ದಾಟ್ತು," ಎಂದು ಕೂಗಿದಳು. ನನಗೆ ಅವಸರವಾಯಿತು. ಉರಿ ಜಾಸ್ತಿ ಮಾಡಿದೆ. ಪಾಕ ಒಮ್ಮೆಲೇ ಕೆಂಪಾಗಿ, ಗುಳ್ಳೆ ಗುಳ್ಳೆಯಾಗಿ ಮೇಲೆದ್ದು, ಅಂಚಿನಲ್ಲಿ ಕಪ್ಪು ಹೊಗೆ ಬಂತು.

"ಅಯ್ಯೋ ನಿನ್ನ! ಉರಿ ತಗ್ಗಿಸೋ!" ಅತ್ತೆ ನನ್ನನ್ನು ಭುಜದಿಂದ ತಳ್ಳಿ, ಬರಿಗೈಯಲ್ಲೇ ಬಾಣಲೆ ಇಳಿಸಿದರು. "ಕಣ್ಣು ಎಲ್ಲಿಟ್ಟಿದ್ದೆ? ನಿನ್ನ ಲಾರೀನೂ ಹಿಂಗೇ ಓಡಿಸ್ತೀಯಾ? ಬೇಗ ಶೇಂಗಾ ಸುರಿ, ನಿಂತ್ಕೊಂಡು ಏನ್ ನೋಡ್ತೀಯಾ!"

ಸುರಿದೆ. ಕಾತ್ಯಾ ಕಲಕಿದಳು, ಅತ್ತೆ ಎಣ್ಣೆ ಸವರಿದ ಮಣೆಯ ಮೇಲೆ ಹುಯ್ದು ಲಟ್ಟಣಿಗೆ ಎಳೆದರು, ಆರುವ ಮೊದಲೇ ನಾನು ಚಾಕುವಿನಿಂದ ಗೆರೆ ಹಾಕಿದೆ. ನನ್ನ ಗೆರೆಗಳು ಸೊಟ್ಟಗಿದ್ದವು. ಕೆಲವು ಚೂರು ನಾಲ್ಕು ಮೂಲೆ, ಕೆಲವು ಮೂರು. ಗೋಡೆಯ ಮೇಲಿನ ಬಿಸಿಲು ಹಳದಿಯಿಂದ ಕೆಂಪಿಗೆ ತಿರುಗಿತ್ತು. ಕೊಟ್ರವ್ವ ಒಳಗೇ ಬಂದು ನಿಂತಳು. "ಡಬ್ಬಿಗೆ," ಅಂದಳು. ತುಂಬಿದೆವು. "ಮುಚ್ಚಳ." ಮುಚ್ಚಿದೆವು. ಅವಳು ಮನಸ್ಸಿನಲ್ಲಿ ಏನೋ ಎಣಿಸಿ, "ಈಗ ತೆಗೀರಿ," ಅಂದಳು.

ತೆಗೆದದ್ದು ಅತ್ತೆ. ಒಂದೊಂದು ಚೂರು ಎಲ್ಲರ ಕೈಗೂ ಬಂತು, ಕೊಟ್ರವ್ವನ ಕೈಗೂ. ಯಾರೂ ಮೊದಲು ಬಾಯಿಗೆ ಹಾಕಿಕೊಳ್ಳಲಿಲ್ಲ. ಕಾತ್ಯಾ ಕಾಯುವುದನ್ನು ನೋಡಲಾಗದೆ ನಾನು ಕಣ್ಣು ಮುಚ್ಚಿ ಕಚ್ಚಿದೆ. ಪಕ್ಕದಲ್ಲಿ ಅವರಿಬ್ಬರೂ ಕಚ್ಚಿದ ಸದ್ದು ಕೇಳಿತು.

ಮೊದಲು ಏನೂ ತಿಳಿಯಲಿಲ್ಲ. ಹಲ್ಲಿನ ಕೆಳಗೆ ಶೇಂಗಾ ಒಡೆಯಿತು. ಆಮೇಲೆ ನಾಲಿಗೆಯ ಹಿಂದಿನಿಂದ, ಅಂಗುಳದವರೆಗೆ, ಕಣ್ಣಲ್ಲಿ ನೀರು ತರಿಸುವ ಹಾಗೆ...

"ಥೂ, ಕಹಿ!" ಎಂದು ಕಾತ್ಯಾ ಕಿರುಚಿದಳು.

"ಸೀದಿದೆ," ಅಂದರು ಅತ್ತೆ. ಅವರ ಮುಖವೆಲ್ಲ ಕಿವುಚಿಕೊಂಡಿತ್ತು, ಅದರ ಮೇಲೆ ನೀರು ಹರಿಯುತ್ತಿತ್ತು. "ಪೂರಾ ಸೀಸಿಬಿಟ್ಟಿದ್ದಾನೆ ಕಣೇ! ಎಂಥ ಕಹಿ!"

"ಸಿಹಿನೂ ಇದೆ," ಅಂದೆ ನಾನು, ನಾಚಿಕೆಯಿಂದ. "ಕಹಿ ಹೋದ ಮೇಲೆ, ಸ್ವಲ್ಪ."

ಕೊಟ್ರವ್ವ ತನ್ನ ಚೂರನ್ನು ಉಳಿದಿದ್ದ ಹಲ್ಲುಗಳ ಕಡೆಗೆ ಸರಿಸಿ, ಹಸುವಿನ ಹಾಗೆ ತಾಳ್ಮೆಯಿಂದ ಅಗಿದಳು. ನಾವು ಅವಳ ದವಡೆಯನ್ನೇ ನೋಡುತ್ತಿದ್ದೆವು. ಅಗಿದು ಅಗಿದು, ಅಂಗೈಗೆ ಉಗುಳಿ, ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ನನಗೆ ಸೀದಿದ್ದೂ ಇಲ್ಲ, ಸಿಹಿನೂ ಇಲ್ಲ. ಬರೀ ಮರದ ಪುಡಿ," ಅಂದಳು. ಎದ್ದು ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲ ಹತ್ತಿರ ನನ್ನ ತಲೆಗೆ ಒಂದು ಮೊಟಕಿ ಹೊರಟುಹೋದಳು.

ಅಡುಗೆಮನೆಯಲ್ಲಿ ಸೀದ ಬೆಲ್ಲದ ವಾಸನೆ ತುಂಬಿತ್ತು. ಅತ್ತೆ ಕಪ್ಪು ಹಿಡಿದ ಬಾಣಲೆಗೆ ನೀರು ಹಾಕಿ ನೆನೆಯಲು ಇಡುತ್ತಾ, ಒಂದು ಸೇರು ಬೆಲ್ಲ ಹಾಳಾಯಿತು ಎಂದು ಗೊಣಗುತ್ತಿದ್ದರು. ಕಾತ್ಯಾ ಗೋಡೆಗೆ ಒರಗಿ ನೆಲದ ಮೇಲೆ ಕೂತು, ಡಬ್ಬಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಒಳಗೆ ಕೈ ಹಾಕಿ ಹುಡುಕುತ್ತಿದ್ದಳು.

"ಏನು ಹುಡುಕ್ತಿದ್ದೀಯಾ?" ಅಂದೆ.

"ಅಂಚಿನದು," ಅಂದಳು. "ಜಾಸ್ತಿ ಸೀದಿರೋದು."